ಹದಿನಾರು ಅಕ್ಷರಗಳು

ಮನೆಯನ್ನು ಬದಲಾಯಿಸದೆ ವಿಳಾಸವನ್ನು ಮಾತ್ರ ಬದಲಾಯಿಸುವ ಭಾಗ್ಯ ನಮ್ಮ ಗಾದಿಗನೂರಿನವರಿಗೆ ಒದಗಿದಷ್ಟು ಸಲ ಬೇರೆಯವರಿಗೆ ಒದಗಿರಲಾರದು. ನಮ್ಮ ತಂದೆಯವರು ಹುಟ್ಟಿದಾಗ ಈ ಊರು ಮದರಾಸು ಪ್ರಾಂತಕ್ಕೆ ಸೇರಿತ್ತು. 1953ರ ಅಕ್ಟೋಬರ್ 1ರಂದು ಅವರು ಬೆಳಿಗ್ಗೆ ಎದ್ದು ಮುಖ ತೊಳೆಯುವ ಹೊತ್ತಿಗೆ ಮೈಸೂರು ರಾಜ್ಯದವರಾಗಿದ್ದರು. 1973ರ ನವೆಂಬರ್ 1ರಂದು ಆ ರಾಜ್ಯ ಕರ್ನಾಟಕವಾಯಿತು. 2014ರ ನವೆಂಬರ್ 1ರಿಂದ ಇಂಗ್ಲಿಷಿನ ‘ಹಾಸ್ಪೆಟ್’ ಹೋಗಿ ಆ ಭಾಷೆಯಲ್ಲಿಯೂ ‘ಹೊಸಪೇಟೆ’ ಆಯಿತು. 2021ರಲ್ಲಿ ಬಳ್ಳಾರಿ ಜಿಲ್ಲೆಯೇ ನಮ್ಮ ಕೈಬಿಟ್ಟು, ನಾವು ವಿಜಯನಗರ ಜಿಲ್ಲೆಯ ನಿವಾಸಿಗಳಾದೆವು. ಇಷ್ಟೆಲ್ಲ ನಡೆದರೂ ನಮ್ಮ ಮನೆಯ ಮುಂದಿನ ಬೇವಿನ ಮರ ಒಂದು ಗೇಣೂ ಸರಿದಿಲ್ಲ. ಅದಿರು ಹೊತ್ತ ಗೂಡ್ಸ್ ಗಾಡಿಗಳು ಮೊದಲಿನಂತೆಯೇ ಕೂಗುತ್ತ ಹೋಗುತ್ತವೆ. ಸಂಡೂರಿನ ಗುಡ್ಡಗಳ ಕಡೆಯಿಂದ ಬರುವ ಕೆಂಪು ಧೂಳು ಯಾರನ್ನೂ ವಿಳಾಸ ಕೇಳದೆ ನಮ್ಮ ಪಡಸಾಲೆಗೆ ಬಂದು ಕೂಡುತ್ತದೆ.

ಈ ಕಾರಣದಿಂದ, ಹಳೆಯದನ್ನು ಹೊಸದು ಮಾಡುವುದೆಂದರೆ ಹಲಗೆಯ ಮೇಲಿನ ಹೆಸರನ್ನು ಅಳಿಸಿ ಬೇರೆ ಹೆಸರು ಬರೆಯುವುದಷ್ಟೆ, ಅದರಿಂದ ಯಾರಿಗೂ ಯಾವ ನಷ್ಟವೂ ಇಲ್ಲವೆಂದು ನಾನು ನಂಬಿದ್ದೆ. ರೈಲ್ವೆಯಲ್ಲಿ ಗುಮಾಸ್ತನಾಗಿ ಮೂವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಕಳೆದವನು ನಾನು. ನಿಲ್ದಾಣಗಳ ಹಲಗೆಗಳಿಗೆ ಬಣ್ಣ ಬಳಿಯುವುದನ್ನು ಎಷ್ಟು ಸಲ ಕಂಡಿಲ್ಲ! ಆದರೆ ಈ ನಂಬಿಕೆ ಸುಳ್ಳೆಂಬುದನ್ನು ನನಗೆ ಕಲಿಸಿದುದು, ನಮ್ಮ ಅಡಿಗೆಮನೆಯ ಗೋಡೆಯ ಮೇಲೆ ತೂಗಿರುವ ಅಂಗೈಯಗಲದ ಒಂದು ಹಲಗೆ.

ಇದನ್ನು ನಮ್ಮ ಮನೆಗೆ ತಂದವನು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಮೊಮ್ಮಗ. ಬೇಸಗೆಯ ರಜೆಗೆ ಬಂದವನು ಚೀಲದಿಂದ ಅದನ್ನು ತೆಗೆದು, “ತಾತ, ಇದರ ಹೆಸರು ಆರ್ಡುಯಿನೊ. ನೀವು ಹೇಳಿದ ಕೆಲಸವನ್ನು ಬೇಸರವಿಲ್ಲದೆ ಮಾಡುತ್ತದೆ” ಎಂದನು. ಮನೆಯಲ್ಲಿ ಹಾಗೆ ಕೆಲಸ ಮಾಡುವವರು ಯಾರೂ ಇರಲಿಲ್ಲವಾದ ಕಾರಣ ನನಗೆ ಕುತೂಹಲವುಂಟಾಯಿತು. ಇಟಲಿ ದೇಶದ ಇವ್ರೆಯಾ ಎಂಬ ಊರಿನಲ್ಲಿ 2005ರಲ್ಲಿ ಕೆಲವು ಅಧ್ಯಾಪಕರು, ವಿದ್ಯಾರ್ಥಿಗಳು ಸೇರಿ ಇದನ್ನು ಸಿದ್ಧಪಡಿಸಿದರಂತೆ. ಅವರು ಸಂಜೆ ಕೂಡುತ್ತಿದ್ದ ಪಾನಗೃಹಕ್ಕೆ ಆರ್ಡುಯಿನ್ ಎಂಬ ಅರಸನ ಹೆಸರಿತ್ತು. ಆತ 1002ರಿಂದ 1014ರವರೆಗೆ ಇಟಲಿಯ ದೊರೆಯೆನಿಸಿಕೊಂಡಿದ್ದವನು. ಅರಸನ ಹೆಸರು ಪಾನಗೃಹಕ್ಕೆ, ಪಾನಗೃಹದ ಹೆಸರು ಹಲಗೆಗೆ ಬಂದಿತು. ಹಂಪೆಯ ನೆರೆಯಲ್ಲಿ ಬಾಳುವ ನಮಗೆ ಇದು ಹೊಸತಲ್ಲ. ನಮ್ಮಲ್ಲಿಯೂ ಕೃಷ್ಣದೇವರಾಯನ ಹೆಸರು ಏನೇನಕ್ಕೆ ಇಲ್ಲ!

ಆ ಹಲಗೆಯ ನಡುವೆ ಕಪ್ಪು ಜಿರಲೆಯಂತೆ ಕಾಲುಗಳನ್ನು ಚಾಚಿ ಕುಳಿತಿರುವುದೇ ಅದರ ಮಿದುಳು. ನಾವು ಬರೆದ ಆಜ್ಞೆಗಳನ್ನು ಇಟ್ಟುಕೊಳ್ಳಲು ಅದರೊಳಗೆ 32 ಕಿಲೊಬೈಟಿನಷ್ಟು ಜಾಗವುಂಟು. ಒಂದು ಸಣ್ಣ ಛಾಯಾಚಿತ್ರವೂ ಅದರಲ್ಲಿ ಹಿಡಿಸುವುದು ಕಷ್ಟ. ಕರೆಂಟು ಹೋದರೂ ಈ ಆಜ್ಞೆಗಳು ಅಳಿಯವು. ಇಂಥ ನೆಲೆನಿಂತ ಆಜ್ಞೆಗಳಿಗೆ ‘ಫರ್ಮ್‌ವೇರ್’ ಎಂದು ಹೆಸರು. ಆಶರ್ ಓಪ್ಲರ್ ಎಂಬಾತ 1967ರಲ್ಲಿ ಈ ಮಾತನ್ನು ಬಳಕೆಗೆ ತಂದನು. ಕೈಯಿಂದ ಮುಟ್ಟಬಹುದಾದ ಯಂತ್ರ ಒಂದು ಕಡೆ, ಗಳಿಗೆಗೊಂದು ಸಲ ಬದಲಾಗಬಹುದಾದ ಲೆಕ್ಕಾಚಾರ ಇನ್ನೊಂದು ಕಡೆ; ಇವೆರಡರ ನಡುವೆ, ಶಿಲಾಶಾಸನದಷ್ಟು ಗಟ್ಟಿಯೂ ಅಲ್ಲದ, ಸ್ಲೇಟಿನ ಬರವಣಿಗೆಯಷ್ಟು ಸಡಿಲವೂ ಅಲ್ಲದ ಸ್ಥಿತಿ ಇದರದು. ಅಳಿಸಬಹುದು, ಮತ್ತೆ ಬರೆಯಬಹುದು. ಆದರೆ ಹಾಗೆಂದು ಯಾರಾದರೂ ಉದ್ದೇಶಪೂರ್ವಕವಾಗಿ ಮಾಡಬೇಕು. ಇದಕ್ಕೆ ಬೇಕಾದ ‘ಫ್ಲಾಷ್’ ಎಂಬ ನೆನಪಿನ ಕೋಶವನ್ನು ಜಪಾನಿನ ಮಸುವೊಕ ಎಂಬ ವಿಜ್ಞಾನಿ 1984ರಲ್ಲಿ ಲೋಕಕ್ಕೆ ತೋರಿಸಿದನು. ಇಡೀ ಬರವಣಿಗೆ ಒಮ್ಮೆಗೇ ಅಳಿಸಿಹೋಗುವುದನ್ನು ಕಂಡ ಅವನ ಸಹೋದ್ಯೋಗಿಯೊಬ್ಬನಿಗೆ ಫೋಟೋ ತೆಗೆಯುವಾಗ ಮಿಂಚುವ ಬೆಳಕು ನೆನಪಾಗಿ ಆ ಹೆಸರು ಬಂದಿತಂತೆ. ಮಿಂಚಿನಂತೆ ಅಳಿಸುವುದು! ಹೆಸರಿನಲ್ಲಿಯೇ ಎಚ್ಚರಿಕೆಯಿತ್ತು. ನಾನು ಗಮನಿಸಲಿಲ್ಲ.

ನಮ್ಮ ಮನೆಯಲ್ಲಿ ಇದಕ್ಕೆ ಒಪ್ಪಿಸಿದ ಕೆಲಸ ನೀರಿನದು. ನಲ್ಲಿಯ ನೀರು ನೆಲದ ತೊಟ್ಟಿಗೆ ಬರುತ್ತದೆ. ಅಲ್ಲಿಂದ ಮೋಟರು ಹಾಕಿ ಮಾಳಿಗೆಯ ಮೇಲಿನ ಟ್ಯಾಂಕಿಗೆ ಏರಿಸಬೇಕು. ಮೋಟರು ಹಾಕುವುದು ನನ್ನ ಪಾಲಿನ ಕೆಲಸ. ಹಾಕಿದುದನ್ನು ಮರೆಯುವುದೂ ನನ್ನದೇ. ಟ್ಯಾಂಕು ತುಂಬಿ, ನೀರು ಮಾಳಿಗೆಯಿಂದ ಬೀದಿಗೆ ಹರಿದು, ಎದುರು ಮನೆಯವರು ಕೂಗಿ ಹೇಳಿದ ಮೇಲೆ ನಾನು ಓಡುವುದು, ಬೇಸಗೆಯಲ್ಲಿ ಒಂದೊಂದು ಕೊಡಕ್ಕೆ ಕಾಯುವ ಊರಿನಲ್ಲಿ ಎಲ್ಲರ ಕಣ್ಣಿಗೂ ಬೀಳುವ ಅಪರಾಧವಾಗಿತ್ತು. ಮೊಮ್ಮಗ ಟ್ಯಾಂಕಿನ ಮುಚ್ಚಳಕ್ಕೆ ಎರಡು ಕಣ್ಣುಗಳಂಥ ಒಂದು ಉಪಕರಣವನ್ನು ಕಟ್ಟಿದನು. ಅದು ಕಿವಿಗೆ ಕೇಳದ ಒಂದು ಕೂಗನ್ನು ನೀರಿನ ಮೇಲೆ ಹಾಕಿ, ಮಾರ್ದನಿ ಮರಳಲು ಹಿಡಿದ ಕಾಲದಿಂದ ನೀರಿನ ಮಟ್ಟವನ್ನು ಅಳೆಯುತ್ತದೆ. ಮಟ್ಟ ಇಳಿದರೆ ಹಲಗೆ ಮೋಟರು ಹಾಕಬೇಕು, ತುಂಬಿದರೆ ನಿಲ್ಲಿಸಬೇಕು, ಏನಾದರೂ ಹೆಚ್ಚುಕಡಿಮೆಯಾದರೆ 20 ನಿಮಿಷಕ್ಕೆ ಹೇಗೂ ನಿಲ್ಲಿಸಬೇಕು. ನಡೆಯುತ್ತಿರುವುದೇನೆಂಬುದನ್ನು ಅಡಿಗೆಮನೆಯ ಗೋಡೆಯ ಮೇಲೆ ಬರೆದು ತೋರಿಸಬೇಕು.

ಬರೆದು ತೋರಿಸುವ ಮಾತು ಬಂದಾಗಲೇ ನಿಜವಾದ ತೊಡಕು ಎದುರಾಯಿತು. ಮೊಮ್ಮಗ ಮೊದಲು ಜೋಡಿಸಿದುದು ಎರಡು ಸಾಲಿನ ಒಂದು ಚಿಕ್ಕ ಪರದೆ. ಜಪಾನಿನ ಹಿಟಾಚಿ ಕಂಪೆನಿಯವರು ರೂಪಿಸಿದ ಕ್ರಮದ್ದು. ಅದಕ್ಕೆ ಇಂಗ್ಲಿಷು ಗೊತ್ತು, ಜಪಾನೀ ಲಿಪಿಯೂ ಗೊತ್ತು, ಕನ್ನಡ ಗೊತ್ತಿಲ್ಲ. ನಮಗೆ ಬೇಕಾದ ಆಕಾರಗಳನ್ನು ಕಲಿಸಬಹುದು, ಆದರೆ ಒಂದು ಹೊತ್ತಿಗೆ ಎಂಟೇ ಅಕ್ಷರ, ಒಂದೊಂದಕ್ಕೂ ಅಡ್ಡಲಾಗಿ ಐದು, ಉದ್ದಕ್ಕೆ ಎಂಟು ಚುಕ್ಕಿಗಳು ಮಾತ್ರ. ಆ ನಲವತ್ತು ಚುಕ್ಕಿಗಳಲ್ಲಿ ಮೊಮ್ಮಗ ಹೇಗೋ ‘ನೀರು’ ಎಂದು ಬರೆದನು. ನಮ್ಮ ಮನೆಯವಳು ಅದನ್ನು ನೋಡಿ, “ಪಾಪ, ನಮ್ಮ ಅಕ್ಷರಗಳಿಗೆ ಹೊಟ್ಟೆಗೆ ಹಾಕುತ್ತೀರೋ ಇಲ್ಲವೋ?” ಎಂದು ಕೇಳಿದಳು.

ಮರುವಾರ ದೊಡ್ಡ ಪರದೆ ಬಂದಿತು. ಅಡ್ಡಲಾಗಿ 128, ಉದ್ದಕ್ಕೆ 64 ಚುಕ್ಕಿಗಳು. ತೈವಾನಿನವರು ರೂಪಿಸಿದ ಅದರ ನಿಯಂತ್ರಕದ ಹೊಟ್ಟೆಯಲ್ಲಿ ಎಂಟು ಸಾವಿರಕ್ಕೂ ಮಿಕ್ಕಿ ಚೀನೀ ಅಕ್ಷರಗಳು ಮೊದಲೇ ತುಂಬಿದ್ದುವು. ಕನ್ನಡದ್ದು ಒಂದೂ ಇಲ್ಲ. “ಎಂಟು ಸಾವಿರ ಕಲಿತವನಿಗೆ ನಮ್ಮ ಐವತ್ತು ಭಾರವಾಯಿತೇ?” ಎಂದು ಇವಳು ಕೇಳಿದುದಕ್ಕೆ ಮೊಮ್ಮಗನಲ್ಲಿ ಉತ್ತರವಿರಲಿಲ್ಲ.

ಉತ್ತರವನ್ನು ನಾನು ಅನಂತರ ಲೆಕ್ಕ ಹಾಕಿ ತಿಳಿದುಕೊಂಡೆ. ನಮ್ಮ ಅಕ್ಷರಗಳು ಐವತ್ತಲ್ಲ. ಮೂವತ್ತನಾಲ್ಕು ವ್ಯಂಜನಗಳು, ಒಂದೊಂದಕ್ಕೂ ಹದಿಮೂರು ಸ್ವರಗಳ ಗುಣಿತ, ಅದರ ಕೆಳಗೆ ಮೂವತ್ತನಾಲ್ಕರಲ್ಲಿ ಯಾವುದಾದರೊಂದು ಒತ್ತು. ಗುಣಿಸಿದರೆ 15,000ಕ್ಕೆ ಮೇಲಾಗುತ್ತದೆ. ಹದಿನಾರು ಚುಕ್ಕಿ ಅಗಲ, ಹದಿನಾರು ಚುಕ್ಕಿ ಎತ್ತರದ ಒಂದು ಅಕ್ಷರಕ್ಕೆ 32 ಬೈಟು ಬೇಕು. ಎಲ್ಲವನ್ನೂ ಬರೆದಿಡುವುದಾದರೆ 480 ಕಿಲೊಬೈಟಿಗೆ ಹತ್ತಿರವಾಗಿ, ನಮ್ಮ ಹಲಗೆಯಂಥ ಹದಿನೈದು ಹಲಗೆಗಳು ಬೇಕಾದಾವು. ದೊಡ್ಡ ಗಣಕಯಂತ್ರಗಳ ಮಾತು ಬೇರೆ. 1991ರಲ್ಲಿ ಹೊರಬಂದ ಯೂನಿಕೋಡ್ ಎಂಬ ಲೋಕಲಿಪಿಯ ಪಟ್ಟಿಯಲ್ಲಿ ಕನ್ನಡಕ್ಕೆಂದೇ 128 ಮನೆಗಳ ಒಂದು ಕೇರಿಯುಂಟು. ಆದರೆ ಆ ಮನೆಗಳಲ್ಲಿ ಇರುವುದು ಅಕ್ಷರಗಳ ಸಂಖ್ಯೆ ಮಾತ್ರ. ‘ತ’ದ ಕೆಳಗೆ ಒತ್ತು ಎಲ್ಲಿ ಕೂಡಬೇಕು, ಗುಡಿಸು ಎಲ್ಲಿ ಏಳಬೇಕು ಎಂಬುದನ್ನು ಹೇಳಿಕೊಡಲು ಬೇರೊಬ್ಬ ಬುದ್ಧಿವಂತ ಬೇಕು. ಆ ಬುದ್ಧಿವಂತನಿಗೆ ನಮ್ಮ 32 ಕಿಲೊಬೈಟಿನ ಗುಡಿಸಲಿನಲ್ಲಿ ಕಾಲು ಚಾಚಲು ಸ್ಥಳವಿಲ್ಲ.

“ಎಲ್ಲ ಅಕ್ಷರ ಯಾಕೆ ಬೇಕು? ನಮಗೆ ಬೇಕಾದುದು ನಾಲ್ಕು ಮಾತು” ಎಂದವಳು ಇವಳೇ. ನೀರು ಕಡಿಮೆ. ನೀರು ತುಂಬಿದೆ. ಮೋಟರು ಓಡುತ್ತಿದೆ. ಮೋಟರು ನಿಂತಿದೆ. ಬೆರಳು ಮಡಿಚಿ ಎಣಿಸಿ, ಸೊನ್ನೆಯನ್ನು ಬೇರೆಯಾಗಿ ಹಿಡಿದು, ಮತ್ತೆ ಮತ್ತೆ ಬರುವವನ್ನು ಬಿಟ್ಟರೆ ಒಟ್ಟು ಹದಿನಾರು ಅಕ್ಷರ ಎಂದಳು. ಹದಿನಾರು ಅಕ್ಷರಕ್ಕೆ ಅರ್ಧ ಕಿಲೊಬೈಟು ಸಾಕು.

ಇವಳು ಓದಿದುದು ನಾಲ್ಕನೆಯ ತರಗತಿಯವರೆಗೆ. ಆದರೆ ಚುಕ್ಕಿಯಿಟ್ಟು ರಂಗೋಲಿ ಬಿಡಿಸುವುದರಲ್ಲಿ ನಮ್ಮ ಓಣಿಯಲ್ಲಿ ಇವಳನ್ನು ಮೀರಿದವರಿಲ್ಲ. ಹದಿನಾರಕ್ಕೆ ಹದಿನಾರು ಚುಕ್ಕಿಯೆಂದರೆ ಇವಳಿಗೆ ಹಬ್ಬದ ದಿನದ ಮಾಮೂಲು ಲೆಕ್ಕ. ಮೊಮ್ಮಗನಿಂದ ಚೌಕುಳಿ ಹಾಳೆಯ ಲೆಕ್ಕದ ಪುಸ್ತಕ ತರಿಸಿಕೊಂಡು, ಒಲೆಯ ಮೇಲೆ ಬೇಳೆ ಬೇಯುವ ಹೊತ್ತಿನಲ್ಲಿ ಮನೆಗಳನ್ನು ಪೆನ್ಸಿಲಿನಿಂದ ತುಂಬುತ್ತ ಒಂದೊಂದೇ ಅಕ್ಷರವನ್ನು ಮಾಡಿದಳು. ‘ಕ’ ಒಂದು ಗಳಿಗೆಯಲ್ಲಿ ಆಯಿತು. ‘ತ್ತಿ’ ಮಾತ್ರ ಮೂರು ದಿನ ಹಿಡಿಯಿತು. ಒತ್ತಿಗೆ ಕೆಳಗೆ ಎಡೆ ಬೇಕು, ಗುಡಿಸಿಗೆ ಮೇಲೆ ಎಡೆ ಬೇಕು, ಎರಡಕ್ಕೂ ಎಡೆಮಾಡಿದರೆ ನಡುವಿನ ‘ತ’ ಸೊರಗುತ್ತದೆ. ಅಳಿಸಿ ಅಳಿಸಿ ಆ ಹಾಳೆ ತೂತಾಯಿತು. ಕಡೆಗೆ ಅವಳು ತಲೆಕಟ್ಟನ್ನು ಒಂದು ಸಾಲು ಮೇಲಕ್ಕೆತ್ತಿ, ಒತ್ತನ್ನು ಒಂದು ಮನೆ ಬಲಕ್ಕೆ ಸರಿಸಿ ಗೆದ್ದಳು. ‘ಮೋಟರು ಓಡುತ್ತಿದೆ’ ಎಂಬುದು ನಡುವಿನ ತೆರಪೂ ಸೇರಿ ಎಂಟು ಮನೆಗಳಾಗಿ, ಪರದೆಯ ಈ ತುದಿಯಿಂದ ಆ ತುದಿಗೆ ಅಳೆದು ಹೊಲಿದಂತೆ ಕುಳಿತಿತು.

ಆ ಬೇಸಗೆಯಲ್ಲಿ ನಮ್ಮ ಮನೆಗೆ ಬಂದವರು ಕಡಿಮೆಯಲ್ಲ. ತೋರಣಗಲ್ಲಿನ ಕಾರ್ಖಾನೆಗೆ ಹೋಗುವ ಹುಡುಗರು, ಕಾಲುವೆ ನೀರಿನ ಸರದಿ ಕಾಯುವ ರೈತರು, ನನ್ನೊಡನೆ ನಿವೃತ್ತರಾದವರು, ಎಲ್ಲರೂ ಅಡಿಗೆಮನೆಯ ಬಾಗಿಲಲ್ಲಿ ನಿಂತು, ನೀಲಿ ಬೆಳಕಿನಲ್ಲಿ ಕನ್ನಡ ಮೂಡುವುದನ್ನು ನೋಡಿ ತಲೆದೂಗಿದರು. “ಯಾರು ಮಾಡಿದರು?” ಎಂದು ಕೇಳಿದವರಿಗೆಲ್ಲ ನಾನು, “ನಾನೂ ನಮ್ಮ ಮೊಮ್ಮಗನೂ ಸೇರಿ” ಎನ್ನುತ್ತಿದ್ದೆ. ನಾನು ಮಾಡಿದುದು ಸ್ಕ್ರೂ ತಿರುಗಿಸುವಾಗ ಟಾರ್ಚು ಹಿಡಿದುದು. ಇವಳು ಒಳಗೆ ಚಹ ಸೋಸುತ್ತಿದ್ದಳು. ಏನೂ ಹೇಳಲಿಲ್ಲ.

ಯಂತ್ರ ಎರಡು ವರ್ಷ ಸುಸೂತ್ರವಾಗಿ ನಡೆಯಿತು. ಅನಂತರ ನಾನು ಒಂದು ಸುಧಾರಣೆ ಮಾಡಿದೆ. ಕರೆಂಟು ಹೋದಾಗಲೆಲ್ಲ ಪರದೆ ಕತ್ತಲಾಗುವುದು ನನಗೆ ಸಹಿಸಲಿಲ್ಲ. ಹೊಸಪೇಟೆಯಿಂದ ಒಂದು ಬ್ಯಾಟರಿ ತಂದು, ಹಲಗೆಗೆ ಎಂದೂ ಕರೆಂಟು ತಪ್ಪದಂತೆ ಏರ್ಪಾಡು ಮಾಡಿದೆ. ಇದಾದ ಸುಮಾರು ಐದು ತಿಂಗಳಿಗೆ, ಒಂದು ಬೆಳಗಿನ ಜಾವ, ಮೋಟರು ಕಟ್ ಎಂದು ಹತ್ತಿತು, ಕಟ್ ಎಂದು ಆರಿತು, ಮತ್ತೆ ಹತ್ತಿತು, ಮತ್ತೆ ಆರಿತು. ನಾನು ನಿದ್ದೆಗಣ್ಣಿನಲ್ಲಿ ಅದನ್ನು ರೈಲಿನ ಸದ್ದೆಂದು ತಿಳಿದು ಮಗ್ಗುಲು ಬದಲಾಯಿಸಿದೆ. ಎದ್ದಾಗ ಮನೆಯೆಲ್ಲ ಸುಟ್ಟ ವಾಸನೆ. ಮೋಟರಿನ ಸುರುಳಿ ಸುಟ್ಟು ಕರಕಾಗಿತ್ತು. ಏಪ್ರಿಲ್ ತಿಂಗಳು. ಅದನ್ನು ಹೊಸಪೇಟೆಗೆ ಒಯ್ದು ಸುತ್ತಿಸಿ ತರುವವರೆಗೆ ನಾಲ್ಕು ದಿನ ಇವಳು ತೊಟ್ಟಿಯಿಂದ ಕೊಡದಲ್ಲಿ ನೀರು ಹೊತ್ತಳು. ಆಗಲೂ ಏನೂ ಹೇಳಲಿಲ್ಲ. ನಾಲ್ಕನೆಯ ದಿನ ಮಾತ್ರ ಸೊಂಟ ಹಿಡಿದುಕೊಂಡು ಗೋಡೆಗೆ ಒರಗಿ ಕುಳಿತುದನ್ನು ನಾನು ನೋಡಿದೆ.

ಫೋನಿನಲ್ಲಿ ವಿಷಯ ಕೇಳಿದ ಮೊಮ್ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ತಪ್ಪು ನನ್ನದು ತಾತ” ಎಂದನು. ಆ ತಪ್ಪಿನ ಸ್ವರೂಪವನ್ನು ವಾಚಕರಿಗೆ ತಿಳಿಸಲೇಬೇಕು. ಹಲಗೆ ತಾನು ಎಚ್ಚರಗೊಂಡ ಕ್ಷಣದಿಂದ ಒಂದು ಸೆಕೆಂಡಿನ ಸಾವಿರದ ಒಂದು ಪಾಲನ್ನು ಒಂದೊಂದಾಗಿ ಎಣಿಸುತ್ತಿರುತ್ತದೆ. ಆ ಎಣಿಕೆ 429 ಕೋಟಿಯನ್ನು ದಾಟಿದ ಮೇಲೆ ಬರೆದುಕೊಳ್ಳಲು ಮನೆಯಿಲ್ಲದೆ, ಲಾರಿಯ ಮೈಲಿ ಮಾಪಕ ಸುತ್ತು ತಿರುಗುವಂತೆ, ಮತ್ತೆ ಸೊನ್ನೆಗೆ ಬರುತ್ತದೆ. ಹಾಗೆ ಬರಲು ಹಿಡಿಯುವ ಕಾಲ 49 ದಿನ 17 ಗಂಟೆ. ಇನ್ನು ರೈಲ್ವೆಯ ಗಡಿಯಾರವನ್ನು ನೆನಪಿಗೆ ತಂದುಕೊಳ್ಳಿ. 23-50ಕ್ಕೆ ಮೋಟರು ಹಾಕಿದ ಆಳಿಗೆ, “20 ನಿಮಿಷದ ಮೇಲೆ, ಎಂದರೆ 0-10ಕ್ಕೆ ನಿಲ್ಲಿಸು” ಎಂದು ಹೇಳಿದಿರಿ. ಆಳು ಶುದ್ಧ ಲೆಕ್ಕದವನು. 23-50 ಎಂಬುದು 0-10ಕ್ಕಿಂತ ದೊಡ್ಡ ಸಂಖ್ಯೆ. ಆದುದರಿಂದ ನಿಲ್ಲಿಸುವ ಹೊತ್ತು ಎಂದೋ ಮೀರಿತೆಂದು ಕೂಡಲೆ ನಿಲ್ಲಿಸುತ್ತಾನೆ. ಟ್ಯಾಂಕು ಬರಿದಾಗಿದೆಯಲ್ಲ, ಮತ್ತೆ ಹಾಕುತ್ತಾನೆ. ಹೊತ್ತು ಮೀರಿತೆಂದು ಮತ್ತೆ ನಿಲ್ಲಿಸುತ್ತಾನೆ. ಎಣಿಕೆ ಸೊನ್ನೆಗೆ ತಿರುಗುವವರೆಗೆ ಇದೇ ಆಟ. ಪ್ರತಿ ಸಲ ಹತ್ತುವಾಗಲೂ ಮೋಟರು ಮಾಮೂಲಿನ ಹಲವು ಪಟ್ಟು ಕರೆಂಟನ್ನು ಎಳೆಯುತ್ತದೆ. ಸುರುಳಿ ಸುಡದೆ ಏನಾದೀತು?

ಹಾಗಾದರೆ ಎರಡು ವರ್ಷ ಇದು ಏಕೆ ಕಾಣಿಸಿಕೊಳ್ಳಲಿಲ್ಲ? ನಮ್ಮೂರಿನಲ್ಲಿ ಐವತ್ತು ದಿನ ಒಂದೇ ಸಮನೆ ಕರೆಂಟು ಇದ್ದುದು ಎಂದು? ಪ್ರತಿ ಸಲ ಕರೆಂಟು ಹೋಗಿ ಬಂದಾಗಲೂ ಹಲಗೆ ಸೊನ್ನೆಯಿಂದ ಎಣಿಕೆ ಶುರುಮಾಡುತ್ತಿತ್ತು. ನಾವು ದಿನವೂ ಶಪಿಸುತ್ತಿದ್ದ ಕತ್ತಲೆಯೇ ಅದಕ್ಕೆ ಔಷಧವಾಗಿತ್ತು. ನಾನು ಬ್ಯಾಟರಿ ತಂದು ಆ ಔಷಧವನ್ನು ತಪ್ಪಿಸಿದೆ. ಮೊದಲೆರಡು ಸುತ್ತುಗಳಲ್ಲಿ ಆ ಹೊತ್ತಿಗೆ ಮೋಟರಿಗೆ ಕೆಲಸವಿರಲಿಲ್ಲ. ಮೂರನೆಯ ಸುತ್ತಿನಲ್ಲಿ ಇತ್ತು.

ಇಂಥ ಪ್ರಮಾದ ಹುಡುಗರು ಮಾತ್ರ ಮಾಡುವುದಲ್ಲವೆಂದು ಮೊಮ್ಮಗನನ್ನು ಸಮಾಧಾನಪಡಿಸಲು ನಾನು ಓದಿ ಹುಡುಕಿದೆ. ಒಂದಾನೊಂದು ಕಾಲದಲ್ಲಿ ಲೋಕವೆಲ್ಲ ಬಳಸುತ್ತಿದ್ದ ವಿಂಡೋಸ್ 95 ಎಂಬ ವ್ಯವಸ್ಥೆ ಇದೇ 49 ದಿನಗಳ ಲೆಕ್ಕದಲ್ಲಿ ಮುಗ್ಗರಿಸುತ್ತಿತ್ತು. 2015ರಲ್ಲಿ ಅಮೆರಿಕದ ವಿಮಾನಯಾನ ಆಡಳಿತ, ಬೋಯಿಂಗ್ 787 ವಿಮಾನದ ವಿದ್ಯುತ್ತನ್ನು 248 ದಿನ ಒಂದೇ ಸಮನೆ ಇಟ್ಟರೆ ಅದರ ಜನರೇಟರುಗಳ ನಿಯಂತ್ರಕಗಳು ಇಂಥದೇ ಎಣಿಕೆಯ ದೋಷದಿಂದ ಒಮ್ಮೆಗೇ ಕೈಕೊಡಬಹುದೆಂದೂ, ಅದಕ್ಕೆ ಮೊದಲೇ ಒಮ್ಮೆ ಆರಿಸಿ ಹೊತ್ತಿಸಬೇಕೆಂದೂ ಆಜ್ಞೆ ಹೊರಡಿಸಿತು. ಆಕಾಶದಲ್ಲಿ ಹಾರುವ ಅಷ್ಟು ದೊಡ್ಡ ಯಂತ್ರಕ್ಕೂ ನಮ್ಮೂರಿನ ಕರೆಂಟಿನ ಚಿಕಿತ್ಸೆಯೇ!

ಮದ್ದೇನೋ ಒಂದೇ ಸಾಲಿನದು. “0-10 ಆಯಿತೇ?” ಎಂದು ಕೇಳುವುದರ ಬದಲು, “ಹಾಕಿ ಎಷ್ಟು ಹೊತ್ತಾಯಿತು?” ಎಂದು ಕಳೆದು ನೋಡಬೇಕು. ಹಾಗೆ ಕಳೆದರೆ ಎಣಿಕೆ ಸುತ್ತು ತಿರುಗಿದರೂ ಉತ್ತರ ಸರಿಯಾಗಿಯೇ ಬರುತ್ತದೆ. ಆದರೆ ಆ ಒಂದು ಸಾಲನ್ನು ತಿದ್ದಬೇಕಾದರೆ ಹಲಗೆಯ ಒಳಗಿನ ಬರವಣಿಗೆಯನ್ನು ಪೂರ್ತಿ ಅಳಿಸಿ ಹೊಸದಾಗಿ ಬರೆಯಬೇಕು.

ಮೊಮ್ಮಗ ಒಂದು ಭಾನುವಾರ ಬಂದನು. ಸಂಜೆಯ ರೈಲಿಗೆ ಹಿಂದಿರುಗಬೇಕಾಗಿತ್ತು. ನನಗೆ ಎದೆ ಢವಢವ. ಅಳಿಸುವಾಗ ಕರೆಂಟು ಹೋದರೆ? ಅರ್ಧ ಹಳೆಯದು, ಅರ್ಧ ಹೊಸದು ಆಗಿ ಹಲಗೆ ಹುಚ್ಚಾದರೆ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದುದನ್ನೂ, ಹರಿಯುವ ನೀರಿನಲ್ಲಿಯೇ ಒಂದೊಂದಾಗಿ ಉಕ್ಕಿನ ಹಲಗೆಗಳನ್ನು ಇಳಿಸಿ ಒಂದು ವಾರದಲ್ಲಿ ಅದನ್ನು ಮುಚ್ಚಿದುದನ್ನೂ ನಾವೆಲ್ಲ ಉಸಿರು ಹಿಡಿದು ಕೇಳಿದವರು. ನಡೆಯುತ್ತಿರುವುದನ್ನು ನಡೆಯುತ್ತಿರುವಾಗಲೇ ತಿದ್ದುವುದು ಎಂಥ ಕೆಲಸವೆಂಬುದು ಈ ಸೀಮೆಯವರಿಗೆ ಬೇರೆ ಹೇಳಬೇಕಾದುದಿಲ್ಲ.

ಮೊಮ್ಮಗ ನಕ್ಕು ಧೈರ್ಯ ಹೇಳಿದನು. ನೆನಪಿನ ಕೋಶದ ಕೊನೆಯಲ್ಲಿ ಅರ್ಧ ಕಿಲೊಬೈಟಿನ ಒಂದು ಚಿಕ್ಕ ಕೋಣೆಯುಂಟು. ಅದರಲ್ಲಿ ಒಬ್ಬ ಕಾವಲುಗಾರನಿರುತ್ತಾನೆ. ಹಲಗೆ ಎಚ್ಚರಗೊಂಡೊಡನೆ ಆತ ಮೊದಲು ಎದ್ದು, ಹೊಸ ಬರವಣಿಗೆ ತಂದವರು ಯಾರಾದರೂ ಬಾಗಿಲಲ್ಲಿ ನಿಂತಿದ್ದಾರೆಯೇ ಎಂದು ನೋಡುತ್ತಾನೆ. ಮನೆಯೆಲ್ಲ ಅಳಿಸಿದರೂ ಅವನ ಕೋಣೆಯನ್ನು ಯಾರೂ ಮುಟ್ಟುವುದಿಲ್ಲ. ನಡುವೆ ಕರೆಂಟು ಹೋದರೆ ಇನ್ನೊಮ್ಮೆ ಕೊಟ್ಟರಾಯಿತು. ಈಚಿನ, ತಂತಿಯಿಲ್ಲದೆ ದೂರದಿಂದಲೇ ಹೊಸದನ್ನು ಪಡೆಯುವ ಹಲಗೆಗಳಲ್ಲಿ ಇನ್ನೂ ಜಾಣತನವಿದೆ. ಅಲ್ಲಿ ಎರಡು ಕೋಣೆಗಳು. ಹಳೆಯದು ಒಂದರಲ್ಲಿ ಕೆಲಸ ಮಾಡುತ್ತಿರುವಂತೆಯೇ ಹೊಸದನ್ನು ಇನ್ನೊಂದರಲ್ಲಿ ಇಳಿಸಿ, ಪೂರ್ತಿ ಬಂದಿತೆಂದು ಪರೀಕ್ಷಿಸಿ, ಆಮೇಲೆ ಅಧಿಕಾರ ವಹಿಸಿಕೊಡುತ್ತಾರೆ. ಸೊಸೆ ಮನೆಯನ್ನು ತಿಳಿದುಕೊಳ್ಳುವವರೆಗೆ ಅತ್ತೆ ಬೀಗದಕೈ ಕೊಡದಿರುವಂತೆ.

ತಂತಿ ಜೋಡಿಸಿದ ಹತ್ತೇ ಸೆಕೆಂಡುಗಳಲ್ಲಿ ಕೆಲಸ ಮುಗಿಯಿತು. ಕರೆಂಟು ಹೋಗಲಿಲ್ಲ. ಒಂದು ತಪ್ಪೂ ನಡೆಯಲಿಲ್ಲ. ಮೋಟರು ಹತ್ತಿತು. ಪರದೆಯ ಮೇಲೆ ಅಕ್ಷರಗಳು ಮೂಡಿದುವು. ಆದರೆ ಅವು ಇವಳ ಅಕ್ಷರಗಳಾಗಿರಲಿಲ್ಲ.

ಎಲ್ಲಿಯೋ ಸಿದ್ಧವಾಗಿ ಸಿಕ್ಕಿದ, ಸೂಜಿಯಂತೆ ಸಣ್ಣಗಿನ ಅಕ್ಷರಗಳು. ‘ತ್ತಿ’ ಒಡೆದು ‘ತ್’ ಒಂದು ಮನೆಯಲ್ಲಿ, ‘ತಿ’ ಇನ್ನೊಂದು ಮನೆಯಲ್ಲಿ ನಿಂತಿದ್ದುವು. ಎಂಟು ಇದ್ದುದು ಒಂಬತ್ತಾಗಿ, ಕೊನೆಯ ‘ದೆ’ಗೆ ಜಾಗವಿಲ್ಲದೆ ಪರದೆಯಾಚೆ ಬಿದ್ದುಹೋಗಿತ್ತು. ಇವಳು ಅಡಿಗೆಮನೆಯಿಂದ ಬಂದು ಸೆರಗಿನಲ್ಲಿ ಕೈ ಒರಸಿಕೊಳ್ಳುತ್ತ ನೋಡಿದಳು. “ಚೆನ್ನಾಗಿದೆ” ಎಂದಳು. ಒಳಗೆ ಹೋದಳು.

ಆ ‘ಚೆನ್ನಾಗಿದೆ’ ಎಂಬುದರ ಅರ್ಥ ನಲವತ್ತು ವರ್ಷ ಸಂಸಾರ ಮಾಡಿದವನಿಗೆ ತಿಳಿಯದೆ? ನಾನು ಮೊಮ್ಮಗನನ್ನು ಹೊರಗೆ ಕರೆದು, ಹಳೆಯ ಅಕ್ಷರಗಳನ್ನೇ ಮತ್ತೆ ಹಾಕೆಂದೆ. ಅವನ ಮುಖ ಸಣ್ಣದಾಯಿತು. ಹಳೆಯ ಬರವಣಿಗೆ ಇದ್ದ ಲ್ಯಾಪ್‌ಟಾಪು ಹಿಂದಿನ ವರ್ಷವೇ ಕೆಟ್ಟು, ಅದರೊಳಗಿನದೆಲ್ಲ ಹೋಗಿತ್ತು. ಆದುದರಿಂದಲೇ ಅವನು ಎಲ್ಲವನ್ನೂ ಹೊಸದಾಗಿ ಬರೆದು ತಂದಿದ್ದನು. ಇವಳ ಹದಿನಾರು ಅಕ್ಷರಗಳು ಯಂತ್ರದ ರೂಪದಲ್ಲಿ ಲೋಕದ ಮೇಲೆ ಉಳಿದಿದ್ದುದು ನಮ್ಮ ಗೋಡೆಯ ಹಲಗೆಯೊಂದರಲ್ಲಿ ಮಾತ್ರ. “ಅಳಿಸುವ ಮೊದಲು ಹಲಗೆಯಿಂದ ಒಂದು ಪ್ರತಿ ಓದಿಟ್ಟುಕೊಳ್ಳಬಹುದಿತ್ತು, ತಾತ. ಎರಡು ನಿಮಿಷದ ಕೆಲಸ. ನನಗೆ ಹೊಳೆಯಲೇ ಇಲ್ಲ” ಎಂದನು. ಆಮೇಲೆ ತಗ್ಗಿದ ದನಿಯಲ್ಲಿ, “ಅವು ಅಜ್ಜಿಯವು ಎಂಬುದೇ ನನಗೆ ಮರೆತುಹೋಗಿತ್ತು” ಎಂದನು.

ಮರೆಯದೆ ಏನು ಮಾಡಿಯಾನು? ಎರಡು ವರ್ಷ ಅವನ ಕಿವಿಗೂ ಊರಿನ ಕಿವಿಗೂ “ನಾನೂ ಮೊಮ್ಮಗನೂ” ಎಂದು ಹೇಳುತ್ತ ಬಂದವನು ಯಾರು? ಹಲಗೆಯಿಂದ ಅವಳ ಅಕ್ಷರಗಳನ್ನು ಅಳಿಸಿದವನು ಆ ಹುಡುಗ. ಅವಳ ಹೆಸರನ್ನು ಅದಕ್ಕೆ ಎಷ್ಟೋ ಮೊದಲೇ ಅಳಿಸಿದವನು ನಾನು. ಅದಕ್ಕೆ ಮಿಂಚಿನ ವೇಗವೂ ಬೇಕಾಗಿರಲಿಲ್ಲ. ಬಂದವರೆದುರು ಒಂದೊಂದು ಸಲ ಒಂದೊಂದು ಮಾತು ಸಾಕಾಯಿತು.

ಹುಡುಗ ರೈಲು ಹತ್ತಿದ ಮೇಲೆ ನಾನು ಇವಳೆದುರು ಕುಳಿತು ಇದನ್ನೆಲ್ಲ ಹೇಳಿದೆ. ಅವಳು ಎದ್ದು ಹೋಗಿ, ಅಕ್ಕಿ ಡಬ್ಬಿಯ ಹಿಂದಿನಿಂದ ಒಂದು ಪುಸ್ತಕ ತಂದು ನನ್ನ ಮುಂದೆ ಇಟ್ಟಳು. ಚೌಕುಳಿ ಹಾಳೆಯ ಅದೇ ಲೆಕ್ಕದ ಪುಸ್ತಕ! ‘ನೀ’ಯಿಂದ ಹಿಡಿದು ತೂತು ಬಿದ್ದ ‘ತ್ತಿ’ಯವರೆಗೆ ಹದಿನಾರೂ ಇದ್ದುವು. ಅರಿಸಿನದ ಕಲೆಯೂ ಇತ್ತು. “ಮಕ್ಕಳ ಕೈಗೆ ಕೊಟ್ಟದ್ದರ ಇನ್ನೊಂದು ಪ್ರತಿ ಮನೆಯಲ್ಲಿ ಇರಬೇಕು ನೋಡ್ರಿ” ಎಂದಳು. ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೊದಲು ಕಲಿಸಬೇಕಾದ ಪಾಠ ಅದು.

ಮೂರು ರಾತ್ರಿ ನಾವಿಬ್ಬರೂ ಕುಳಿತೆವು. ಅವಳು ಒಂದೊಂದು ಸಾಲನ್ನೂ ಬೆರಳಿಟ್ಟು, “ಖಾಲಿ, ಖಾಲಿ, ತುಂಬು, ತುಂಬು” ಎಂದು ಓದುವುದು. ನಾನು ಎಂಟು ಮನೆಗಳಿಗೊಂದು ಸಂಖ್ಯೆ ಮಾಡುವುದು. ಎಡದ ಮನೆಗೆ 128, ಅದರ ಪಕ್ಕಕ್ಕೆ 64, ಹೀಗೆ ಅರ್ಧರ್ಧವಾಗಿ ಕೊನೆಯ ಮನೆಗೆ 1. ತುಂಬಿದವನ್ನು ಕೂಡಿದರೆ ಒಂದು ಸಂಖ್ಯೆ. ಹದಿನಾರು ಅಕ್ಷರಕ್ಕೆ 512 ಸಂಖ್ಯೆಗಳು. ಟಿಕೆಟಿನ ಲೆಕ್ಕದಲ್ಲಿ ಕೂದಲು ನರೆಸಿಕೊಂಡವನಿಗೆ ಆ ಕೆಲಸ ಪ್ರಿಯವಾಗಿಯೇ ಇತ್ತು. ಒಬ್ಬರೆದುರು ಒಬ್ಬರು ಕುಳಿತು ಅಷ್ಟು ಹೊತ್ತು ನಾವು ಮಾತಾಡಿದುದು ಎಷ್ಟೋ ವರ್ಷಗಳ ಮೇಲೆ. ಅದೂ ‘ಖಾಲಿ’, ‘ತುಂಬು’ ಎಂಬೆರಡೇ ಮಾತುಗಳಲ್ಲಿ.

ಮೂರನೆಯ ರಾತ್ರಿ ‘ದೆ’ ಬಂದಾಗ ಅವಳು ಓದುವುದನ್ನು ನಿಲ್ಲಿಸಿ, ಅಳಿಸುವ ರಬ್ಬರು ಕೇಳಿದಳು. ನಾನು ಬೆಚ್ಚಿಬಿದ್ದೆ. “ಮುಟ್ಟಬೇಡ! ಇದ್ದ ಹಾಗೆಯೇ ಇರಲಿ. ಒಂದು ಚುಕ್ಕಿಯೂ ಬದಲಾಗಬಾರದು” ಎಂದೆ. ಕಳೆದುಹೋಗಿದ್ದುದು ಮರಳಿ ದೊರೆತ ಮೇಲೆ ಅದು ನನಗೆ ಶಾಸನದಂತೆ ಪವಿತ್ರವಾಗಿತ್ತು. ಹಂಪೆಯ ವಿರೂಪಾಕ್ಷ ಗುಡಿಯಲ್ಲಿ ಕೃಷ್ಣದೇವರಾಯನ ಶಾಸನ ಐನೂರು ವರ್ಷಗಳಿಂದ ನಿಂತಿಲ್ಲವೆ? ಅದನ್ನು ಯಾರಾದರೂ ತಿದ್ದುತ್ತಾರೆಯೆ?

“ಅದು ಕಲ್ಲು, ಇದು ಪುಸ್ತಕ” ಎಂದಳು ಇವಳು. “ಈ ‘ದೆ’ ನನಗೆ ಮೊದಲಿನಿಂದಲೂ ಸರಿಬಂದಿರಲಿಲ್ಲ. ಹೊಟ್ಟೆ ಒಂದು ಮನೆ ದಪ್ಪವಾಗಿದೆ. ಎರಡು ವರ್ಷ ದಿನಾ ನೋಡಿ ಸಂಕಟವಾಗುತ್ತಿತ್ತು. ತಿದ್ದಲು ಬರುತ್ತದೆ ಎಂದು ನೀವು ಯಾರೂ ನನಗೆ ಹೇಳಲೇ ಇಲ್ಲ.”

ನಾನು ರಬ್ಬರು ಕೊಟ್ಟೆ. ಅವಳು ಎರಡು ಮನೆಗಳನ್ನು ಅಳಿಸಿ ಒಂದನ್ನು ತುಂಬಿದಳು. ಅಷ್ಟರಿಂದಲೇ ‘ದೆ’ ನೆಟ್ಟಗೆ ನಿಂತಿತು. ಹಲಗೆಯನ್ನು ಹೀಗೆ ಎಷ್ಟು ಸಲ ಅಳಿಸಿ ಬರೆಯಬಹುದೆಂದು ಕೇಳಿದಳು. ತಯಾರಕರು 10,000 ಸಲಕ್ಕೆ ಭರವಸೆ ಕೊಡುತ್ತಾರೆಂದೂ, ದಿನಕ್ಕೊಮ್ಮೆ ತಿದ್ದಿದರೂ 27 ವರ್ಷ ಬರುತ್ತದೆಂದೂ ಹೇಳಿದೆ. “ನಮಗೆ ಸಾಕು” ಎಂದಳು.

ಮುಂದಿನ ಕಥೆ ಚಿಕ್ಕದು. 512 ಸಂಖ್ಯೆಗಳನ್ನು ಮೊಮ್ಮಗನಿಗೆ ಕಳುಹಿಸಿದೆವು. ರಜೆಗೆ ಬಂದವನು ಈ ಸಲ ಮೊದಲು ಹಲಗೆಯಲ್ಲಿದ್ದುದರ ಪ್ರತಿ ತೆಗೆದಿಟ್ಟು, ಆಮೇಲೆ ಅಳಿಸಿ, ಅಜ್ಜಿಯ ಅಕ್ಷರಗಳನ್ನೂ ತಿದ್ದಿದ ಲೆಕ್ಕವನ್ನೂ ಒಟ್ಟಿಗೆ ಬರೆದನು. ‘ಅಕ್ಷರಗಳು ಅಜ್ಜಿಯವು’ ಎಂದು ಕಡತದ ಮೊದಲನೆಯ ಸಾಲಿನಲ್ಲಿ ಸೇರಿಸಿದನು. ಆದರೆ ಇಂಥ ಟಿಪ್ಪಣಿಗಳು ಹಲಗೆಯ ಒಳಗೆ ಹೋಗುವುದಿಲ್ಲವಂತೆ. ಯಂತ್ರಕ್ಕೆ ಆಜ್ಞೆ ಬೇಕು, ಬರೆದವರ ಹೆಸರು ಬೇಡ. ಅದನ್ನು ಹೇಳಬೇಕಾದವರು ಮನುಷ್ಯರೇ.

ಆ ದಿನ ರಾತ್ರಿ ಮೊಮ್ಮಗ ನಮಗೆ ಒಂದು ಸಂಗತಿ ಹೇಳಿದನು. 1977ರಲ್ಲಿ ಹೊರಟ ವಾಯೇಜರ್ 1 ಎಂಬ ಆಕಾಶನೌಕೆ 2023ರ ನವೆಂಬರಿನಲ್ಲಿ ಇದ್ದಕ್ಕಿದ್ದಂತೆ ಅರ್ಥವಿಲ್ಲದ ಮಾತು ಆಡತೊಡಗಿತು. ಅದರ ನೆನಪಿನ ಒಂದು ತುಂಡು ಕೆಟ್ಟಿತ್ತು. ಅದಿದ್ದುದು ಭೂಮಿಯಿಂದ 2,400 ಕೋಟಿ ಕಿಲೊಮೀಟರು ಆಚೆ. ಇಲ್ಲಿಂದ ಹೇಳಿದ ಮಾತು ಅಲ್ಲಿಗೆ ಮುಟ್ಟಲು ಇಪ್ಪತ್ತೆರಡೂವರೆ ಗಂಟೆ, ಉತ್ತರ ಬರಲು ಮತ್ತೆ ಅಷ್ಟೇ. ಕೆಟ್ಟ ತುಂಡಿನಲ್ಲಿದ್ದ ಆಜ್ಞೆಗಳನ್ನು ಬಿಡಿಬಿಡಿಯಾಗಿ, ಬೇರೆ ಕಡೆ ಉಳಿದಿದ್ದ ತೆರಪುಗಳಲ್ಲಿ ಹೊಂದಿಸಿ ಕಳುಹಿಸಿದರು. 2024ರ ಏಪ್ರಿಲಿನಲ್ಲಿ ನೌಕೆ ಮತ್ತೆ ಅರ್ಥವಾಗುವಂತೆ ಮಾತಾಡಿತು. ಇವಳು ಪೂರ್ತಿ ಕೇಳಿ, “ಅಷ್ಟು ದೂರದಲ್ಲಿದ್ದುದನ್ನು ತಿದ್ದಿದರೆ? ಅವರ ಹತ್ತಿರ ಹಳೆಯ ಪುಸ್ತಕ ಇದ್ದಿರಬೇಕು” ಎಂದಳು.

ಈಗ ಯಂತ್ರ ನಡೆಯುತ್ತಿದೆ. 49 ದಿನಗಳ ಸುತ್ತನ್ನು ಎರಡು ಸಲ ದಾಟಿತು. ಆ ಎರಡು ರಾತ್ರಿಯೂ ನಾನು ಮಲಗದೆ ಕಾದೆ, ಏನೂ ಆಗಲಿಲ್ಲ. ಮೊನ್ನೆ ಕಂಪ್ಲಿಯ ಬೀಗರು ಬಂದಿದ್ದರು. ಪರದೆಯನ್ನು ನೋಡಿ, “ಅಕ್ಷರ ಎಷ್ಟು ದುಂಡಾಗಿವೆ! ಯಾರು ಮಾಡಿದರು?” ಎಂದು ಕೇಳಿದರು. ನಾನು ಅಡಿಗೆಮನೆಯ ಕಡೆ ಕೈ ತೋರಿಸಿ, “ಇವಳು” ಎಂದೆ.

ಇವಳು ಚಹದ ಲೋಟಗಳನ್ನು ತಂದಿಟ್ಟು, ಪರದೆಯನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದಳು. “ಏನೋ ಮಾಡಿದ್ದೇನೆ ಅಣ್ಣಾ. ಆದರೆ ಆ ‘ಮೋ’ ಇದೆಯಲ್ಲ, ಅದರ ಬಾಲ ಇನ್ನೂ ಸರಿಬಂದಿಲ್ಲ. ಹುಡುಗ ದಸರೆಗೆ ಬರಲಿ” ಎಂದಳು.